ಅಕ್ಕ ಬರೀತಾ ಇದ್ದಾಳೆ

ನನ್ನ ದನಿ ತುಸು ಜೋರು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಿಗೆ ಇದು ಭೂಷಣವಲ್ಲವೆಂದು ಗೊತ್ತು. ‘ನಿಶ್ಶಬ್ದ ಕಾಪಾಡಿ’ ಎಂಬ ಫಲಕದ ಕೆಳಗೇ ಕೂತು ಇಡೀ ಕಟ್ಟಡಕ್ಕೆ ಕೇಳುವಂತೆ ಮಾತಾಡುತ್ತೇನೆ. ತಪ್ಪು ನನ್ನದಲ್ಲ, ನಮ್ಮ ತಾಯಿಯ ಕಡೆಯವರ ಕಿವಿಗಳದು. ಅರವತ್ತು ದಾಟಿದೊಡನೆ ಆ ವಂಶದ ಕಿವಿಗಳು ನಿವೃತ್ತಿ ಪಡೆಯುತ್ತವೆ. ಶ್ರೀರಾಂಪುರದಲ್ಲಿ ನನ್ನ ಜೊತೆಗಿದ್ದ ಅಮ್ಮನಿಗೂ, ಅದೇ ಊರಿನ ಜಯಲಕ್ಷ್ಮಿಪುರಂನಲ್ಲಿದ್ದ ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮನಿಗೂ ಹಾಗೇ ಆಯಿತು. ಅವರ ಫೋನ್ ಸಂಭಾಷಣೆಯಲ್ಲಿ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿದ್ದ ಪದ ‘ಆಂ?’ ಒಂದೇ. ಕಿವಿಯ ಯಂತ್ರದ ಸುದ್ದಿ ಎತ್ತಿದರೆ, “ಅದು ಮುದುಕೀರಿಗೆ” ಎನ್ನುತ್ತಿದ್ದರು.

ಅಂಥ ಒಂದು ಫೋನಿನ ಮರುದಿನ, ಎರಡು ಸಾವಿರದ ಆರೋ ಏಳೋ ಇರಬೇಕು, ಯುಗಾದಿಗೆ ಬರಬೇಕಿದ್ದ ದೊಡ್ಡಮ್ಮ ಬರಲಿಲ್ಲ. ಆಮೇಲೂ ಬರಲಿಲ್ಲ. “ನಾನಾಗಿ ಕೇಳಲ್ಲ ಕಣೇ” ಎಂದಳು ಅಮ್ಮ. ಅಲ್ಲಿ ದೊಡ್ಡಮ್ಮನನ್ನು ಅವಳ ಸೊಸೆ ಶೈಲಾ ಕೇಳಿದರೆ, “ಅವಳಿಗೇ ಗೊತ್ತು” ಎಂಬ ಉತ್ತರ. ದಸರೆ ಬಂತು. ಬೊಂಬೆಗಳ ಮುಂದೆ ಅಮ್ಮ ಒಬ್ಬಳೇ ಆರತಿ ಎತ್ತಿದಳು.

ಶೈಲಳೂ ನಾನೂ ಉಪಾಯ ಹೂಡಿದೆವು. ಕಿವಿ ಹೋದರೇನು, ಕಣ್ಣಿದೆಯಲ್ಲ. ಕಂಪ್ಯೂಟರಿನಲ್ಲಿ ಚಾಟ್ ಮಾಡಿಸೋಣ! ಅಮ್ಮ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು ಬೇರೆ. ಆದರೆ ನಮ್ಮ ಮನೆಯ ಚಾಟ್ ಒಂದು ಕಂಪನಿಯದು, ಅವರದು ಇನ್ನೊಂದರದು. ನೋಡಿ, ಆ ಕಂಪನಿಗಳಿಗೂ ಪರಸ್ಪರ ಮಾತಿರಲಿಲ್ಲ. ಇಲ್ಲಿ ಬರೆದದ್ದು ಅಲ್ಲಿಗೆ ತಲುಪದು.

“ನಾನ್ಯಾಕೆ ಅವಳ ಕಂಪನಿಗೆ ಹೋಗ್ಲಿ? ಅವಳೇ ಬರ್ಲಿ” ಎಂದಳು ಅಮ್ಮ. ದೊಡ್ಡಮ್ಮನೂ ಅದನ್ನೇ ಅಂದಳೆಂದು ಶೈಲಾ ವರದಿ ಮಾಡಿದಳು.

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನಂಜುಂಡಸ್ವಾಮಿಯವರಿಗೆ ಗುಟ್ಟಾಗಿ ಹೇಳಿದೆ. ಇಡೀ ಗ್ರಂಥಾಲಯ ನಕ್ಕಿತು. ಅವರು ನಗಲಿಲ್ಲ.

“ಯಾರೂ ಎಲ್ಲಿಗೂ ಹೋಗ್ಬೇಕಾಗಿಲ್ಲ ಮೇಡಂ. ಚಾಟಿಗೆ ಮುಕ್ತ ಪ್ರೋಟೋಕಾಲ್ ಅಂತ ಒಂದೈತೆ. ಎಲ್ರಿಗೂ ಒಂದೇ ಕಟ್ಟುಪಾಡು, ಯಾವ ಕಂಪನಿ ಸ್ವತ್ತೂ ಅಲ್ಲ. ಆ ಕಟ್ಟುಪಾಡು ಒಪ್ಪಿರೋ ಸರ್ವರ್‌ಗಳು ಒಂದರ ಜೊತೆ ಒಂದು ಮಾತಾಡ್ತವೆ. ಇ-ಮೇಲ್ ಹೋಗಲ್ವ, ಅಂಗೇ. ಅಮ್ಮಂಗೊಂದು ಸರ್ವರ್, ದೊಡ್ಡಮ್ಮಂಗೊಂದು ಸರ್ವರ್ ಹಿಡ್ದು ಖಾತೆ ತೆಗ್ದುಬುಡಣ ಕಣ್ರೀ.”

ನಮ್ಮ ಹಿರಿಯರಿಗೆ ಈ ತಂತ್ರ ಮೊದಲೇ ತಿಳಿದಿತ್ತು. ಮದುವೆಯಲ್ಲಿ ಬೀಗರು ಬೀಗರನ್ನು ಎದುರುಗೊಳ್ಳುವಾಗ ಇಬ್ಬರೂ ನಾಲ್ಕು ಹೆಜ್ಜೆ ನಡೆದು ನಡುವೆ ಸೇರುವುದು ಯಾಕೆಂದುಕೊಂಡಿರಿ? ಯಾರ ಮಾನವೂ ಮುಕ್ಕಾಗದಿರಲೆಂದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಅಮ್ಮ ರೇಷ್ಮೆ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತಳು. ಚಾಟಿನಲ್ಲಿ ಸೀರೆ ಕಾಣುವುದಿಲ್ಲವೆಂದು ನಾನು ಹೇಳಲಿಲ್ಲ. ಆದರೆ ಯಾರು ಮೊದಲು ಬರೆಯಬೇಕೆಂಬುದನ್ನು ಯಾವ ಪ್ರೋಟೋಕಾಲೂ ಹೇಳಿರಲಿಲ್ಲ! ಐದು ನಿಮಿಷ ಹಾಗೇ ಕಳೆಯಿತು. ಆಗ, ಅತ್ತ ಯಾರೋ ಟೈಪ್ ಮಾಡುತ್ತಿದ್ದಾರೆಂಬ ಗುರುತು ಪರದೆಯ ಮೇಲೆ ಮೂಡಿತು.

“ಅಕ್ಕ ಬರೀತಾ ಇದ್ದಾಳೆ ಕಣೇ!” ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು.

ದೊಡ್ಡಮ್ಮನದು ಒಂಟಿ ಬೆರಳಿನ ಟೈಪಿಂಗು. ಕೊನೆಗೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬಂತು: ‘ಯಾಕೆ ಬರಬೇಡ ಅಂದೆ?’

ಅಮ್ಮನ ಹತ್ತೂ ಬೆರಳು ಓಡಿದವು. ‘ನಾನು ಯಾವಾಗ ಅಂದೆ?’

‘ಯುಗಾದಿಗೆ. ಫೋನಲ್ಲಿ. ಬರೋದೇ ಬೇಡ ಅಂದೆ.’

ಅಮ್ಮ ಪರದೆಯನ್ನೇ ದಿಟ್ಟಿಸಿದಳು. ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಮನೆ ಅದುರುವಂತೆ ನಗುತ್ತ ಬರೆದಳು: ‘ಬರ್ತಾ ಬೇವು ತಾ ಅಂದೆ ಕಣಕ್ಕಾ! ನಿಮ್ಮನೆ ಮುಂದೆ ಬೇವಿನ ಮರ ಇದ್ಯಲ್ಲ!’

ಅತ್ತಲಿಂದ ಏನೂ ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ನನಗೆ ಗಾಬರಿಯಾಯಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು, ಶೈಲಾ.

“ಅಕ್ಕಾ, ಅತ್ತೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಆಟೋ ತರ್ಸು ಅಂತ ಕೂತಿದ್ದಾರೆ!”

ಹನ್ನೊಂದಕ್ಕೆಲ್ಲ ದೊಡ್ಡಮ್ಮ ನಮ್ಮ ಮನೆ ಮುಂದೆ ಇಳಿದಳು. ಅಕ್ಕತಂಗಿಯರು ಸೋಫಾದ ಮೇಲೆ ಒತ್ತಿ ಕೂತು, ಏಳು ತಿಂಗಳ ಮಾತನ್ನೆಲ್ಲ ಒಟ್ಟಿಗೇ ಶುರುಮಾಡಿದರು. ಅಮ್ಮ ಹೇಳುತ್ತಿದ್ದುದು ನೆಲ್ಲಿಕಾಯಿ ಉಪ್ಪಿನಕಾಯಿಯ ವಿಷಯ, ದೊಡ್ಡಮ್ಮನದು ಮಂಡಿನೋವಿನದು. ಇಬ್ಬರೂ ಕೈ ಕೈ ಹಿಡಿದುಕೊಂಡು, “ಹೌದು, ಹೌದು, ನೀನು ಹೇಳೋದು ಸರಿ” ಎಂದು ತಲೆಯಾಡಿಸುತ್ತಿದ್ದರು. ತಿದ್ದಲೆಂದು ಬಾಯಿ ತೆರೆದವಳು ಸುಮ್ಮನಾಗಿ, ಕಾಫಿ ಬೆರೆಸಲು ಒಳಗೆ ಹೋದೆ.