ಹೊಂಗೆ ಮರದ ತಿರುವು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮೂರಿನವರು ಯಾರಾದರೂ ಹೇಳುತ್ತಾರೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿ, ಏಳಿಸಿ, ಮೂಗು ಒರೆಸಿ ಬಂದವಳು ನಾನು. ಮೆತ್ತಗೆ ಮಾತಾಡಿದ್ದರೆ ಆ ಕೆಲಸ ಒಂದು ದಿನವೂ ನಡೆಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಮಕ್ಕಳು ಹೋದರು, ಬಾಯಿ ಉಳಿಯಿತು. ಅದನ್ನು ಊರಿನ ಮುದುಕ ಮುದುಕಿಯರ ಮೇಲೆ ಬಿಟ್ಟೆ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಸಾಸಲಿಗೆ ಹೋಗುವ ದಾರಿಯಿಂದ ಒಳಗೆ ಸಿಗುವ ಸಣ್ಣ ಊರು. ಕೊಳವೆಬಾವಿ ಇರುವವರನ್ನು ಒಂದು ಕೈಯಲ್ಲಿ ಎಣಿಸಬಹುದು. ಉಳಿದವರಿಗೆ ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಎರಡು ಹಸು, ಡೈರಿಗೆ ಹಾಲು. ವಯಸ್ಸಿನವರೆಲ್ಲ ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತಿಬಿಡುತ್ತಾರೆ. ಹಗಲು ಹೊತ್ತು ಊರು ಅರವತ್ತು ದಾಟಿದವರದ್ದು.

ಪಂಚಾಯ್ತಿಯವರು ಕೆರೆಯ ಹೂಳು ತೆಗೆಸಿ, ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗಿ ಎರಡು ಮಳೆಗಾಲ ಕಳೆದಿತ್ತು. ಮಳೆ ಚೆನ್ನಾಗಿಯೇ ಬಂದಿತ್ತು, ಕೆರೆಗೆ ಮಾತ್ರ ನೀರು ಬಂದಿರಲಿಲ್ಲ. ಹಸುಗಳಿಗೆ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹೊತ್ತು ಹೆಂಗಸರ ಸೊಂಟ ಬಿದ್ದುಹೋಗಿತ್ತು. ನಾಲ್ಕೈದು ಮನೆಯವರು ಹಸು ಮಾರುವ ಮಾತನ್ನೂ ಆಡುತ್ತಿದ್ದರು. ಆಗ ಡೈರಿಯ ಜಗುಲಿಯ ಮೇಲೆ ಕೂತು ಕಾರಣ ಹೇಳಿದವರು ನೀರುಗಂಟಿ ದೊಡ್ಡಪ್ಪ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದ ಮನೆತನದ, ಎಂಬತ್ತು ಸಮೀಪಿಸಿದ ಮುದುಕರು ಅವರು. ನನಗೆ ರಕ್ತಸಂಬಂಧವಲ್ಲದಿದ್ದರೂ ದೊಡ್ಡಪ್ಪ. "ಹೊಟ್ಟೆ ಕ್ಲೀನ್ ಮಾಡವ್ರೆ, ಗಂಟ್ಲು ಕಟ್ಕೊಂಡೈತೆ" ಎಂದರು. ಗುಡ್ಡದ ಬುಡದಿಂದ ಕೆರೆಗೆ ನೀರು ತರುತ್ತಿದ್ದ ಕಾಲುವೆಯನ್ನು ಅಕ್ಕಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಂತೆ ಉತ್ತು ಉತ್ತು ನುಂಗಿಹಾಕಿದ್ದರು.

ಅವತ್ತೇ ನಾವು ಎಂಟು ಜನ ಒಟ್ಟಾದೆವು. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಮಂಡಿ, ಇಬ್ಬರಿಗೆ ಎರಡೂ. ಓದು ಬಂದವಳು ನಾನೊಬ್ಬಳೇ, ಹಾಗಾಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ಗುಡ್ಡದ ಬುಡದಿಂದ ನೇರ ಹೊಂಗೆ ಮರ, ಅಲ್ಲಿಂದ ಎಡಕ್ಕೆ ತಿರುಗಿ ಗಾಡಿ ಜಾಡಿನ ಪಕ್ಕದಲ್ಲೇ ಕೆರೆ. ಕಾಲುವೆ ಹೊಂಗೆ ಮರದ ಹತ್ತಿರ ತಿರುಗುತ್ತಿತ್ತು ಎಂದು ನಮ್ಮಪ್ಪ ನನಗೆ ಹೇಳಿದ್ದರು. ನಕ್ಷೆಯನ್ನು ಎಲ್ಲರಿಗೂ ತೋರಿಸಿದೆ. ಎಲ್ಲರೂ ನೋಡಿದರು, ತಲೆ ತುರಿಸಿಕೊಂಡರು. ಯಾರೂ ಏನೂ ಹೇಳಲಿಲ್ಲ. ನಕ್ಷೆ ಅಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡೆ.

ನಮ್ಮಲ್ಲಿ ಹಿಂದೆ ಮುಯ್ಯಾಳಿನ ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಯಾರ ಹೊಲದಲ್ಲಿ ಕೆಲಸವೋ ಅವತ್ತಿನ ಊಟ ಆ ಮನೆಯದು. ಕಾಲುವೆಗೂ ಅದನ್ನೇ ಮಾಡಿದೆವು. ಯಾರ ಹೊಲದೊಳಗೆ ಕಾಲುವೆ ಬಿಡಿಸುತ್ತೇವೋ ಅವರ ಮನೆಯಿಂದ ಮಧ್ಯಾಹ್ನಕ್ಕೆ ಮುದ್ದೆ, ಸಾರು. ನೆಲ ಬಿಟ್ಟುಕೊಟ್ಟು ಊಟವನ್ನೂ ಹಾಕಬೇಕೆಂದರೆ ಯಾರು ತಾನೆ ಒಪ್ಪುತ್ತಾರೆ? ಒಪ್ಪಿಸುವ ಕೆಲಸ ನನ್ನ ಬಾಯಿಯದು. ಊರಿನಲ್ಲೇ ಹೆಚ್ಚು ಜಮೀನಿದ್ದ ಒಬ್ಬರು ಹಿಂದೆಮುಂದೆ ನೋಡಿದಾಗ, ಅವರ ಮನೆ ಬಾಗಿಲಲ್ಲೇ ನಿಂತು "ಕಾಲುವೆ ಏನು ನಿಮ್ಮಪ್ಪನ ಮನೆ ಗಂಟಾ?" ಎಂದು ಕೇಳಿದೆ. ಬೀದಿಯವರೆಲ್ಲ ಕೇಳಿಸಿಕೊಂಡರು. ಅವರು ಮಾರನೇ ದಿನವೇ ಬೇಲಿ ಕಿತ್ತರು, ಕೋಳಿ ಸಾರನ್ನೂ ಕಳಿಸಿದರು.

ಯುಗಾದಿ ಕಳೆದು ಕೆಲಸ ಶುರುವಾಯಿತು. ಹೊಲಗಳೆಲ್ಲ ಖಾಲಿ ಇದ್ದ ಸಮಯ. ಬೆಳಿಗ್ಗೆ ಬಿಸಿಲೇರುವ ತನಕ, ಸಂಜೆ ಒಂದಿಷ್ಟು. ಒಂದಡಿ ಮಣ್ಣು ತೆಗೆದರೆ ಸಾಕು, ಕೆಳಗೆ ಕಪ್ಪು ಹೂಳು, ಅದರಲ್ಲಿ ಕಪ್ಪೆಚಿಪ್ಪು. ಚಿಪ್ಪು ಸಿಕ್ಕರೆ ದೊಡ್ಡಪ್ಪ ಅದನ್ನು ಎತ್ತಿ ಹಿಡಿದು ತೋರಿಸುವರು, ನಾವೆಲ್ಲ ಹೋ ಎನ್ನುವೆವು. ಯಾರ ಮನೆಯ ಸಾರಿನಲ್ಲಿ ಕಾಳು ಎಷ್ಟು, ನೀರು ಎಷ್ಟು ಎಂದು ನಾನು ಗಟ್ಟಿಯಾಗಿ ತೀರ್ಪು ಕೊಡುತ್ತಿದ್ದೆ. ಅಷ್ಟು ಖುಷಿಯಾಗಿ ನಾನು ಮದುವೆ ಮನೆಯಲ್ಲೂ ಉಂಡಿರಲಿಲ್ಲ.

ಹೊಂಗೆ ಮರ ಹತ್ತಿರ ಬಂದದ್ದೇ ತಡ, ಜನಕ್ಕೆ ಏನೋ ಆಯಿತು. ಒಂದು ದಿನ ದೊಡ್ಡಪ್ಪನಿಗೆ ಮಂಡಿನೋವು. ಮಾರನೇ ದಿನ ಇಬ್ಬರಿಗೆ ಶಿವಗಂಗೆಯ ಹರಕೆ ನೆನಪಾಯಿತು. ಅದರ ಮಾರನೇ ದಿನ, ಮೇಕೆ ಸಾಕುವ ನಮ್ಮ ಪಕ್ಕದ ಮನೆಯ ಅಕ್ಕ ಮೇಕೆ ಈಯುತ್ತದೆ ಎಂದು ಬರಲಿಲ್ಲ. ಮೇಕೆ ನೋಡಿದೆ, ಅದು ಗಬ್ಬವೇ ಆಗಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಮನೆಮನೆಗೆ ಹೋಗಿ, ಹೇಳುವವರು ಕೇಳುವವರು ಇಲ್ಲವೆಂದು ಮೈಗಳ್ಳತನ ಮಾಡುತ್ತೀರಾ, ಮಳೆ ನಿಮಗಾಗಿ ಕಾಯುತ್ತದಾ ಎಂದು ಬೈದು ಬಂದೆ.

ಬೈದ ಮೇಲೆ ಎಲ್ಲರೂ ಬಂದರು. ನಕ್ಷೆಯಲ್ಲಿದ್ದ ಹಾಗೆ ಮರದಿಂದ ಎಡಕ್ಕೆ ತಿರುಗಿ ಗಾಡಿ ಜಾಡಿನ ಪಕ್ಕ ಅಗೆಯತೊಡಗಿದರು. ಅದು ಗಟ್ಟಿ ಗರಸು ನೆಲ. ಹಾರೆ ಹಾಕಿದರೆ ಠಣ್ ಎನ್ನುತ್ತದೆ. ಎರಡು ದಿನ ಎಂಟು ಮುದಿಜೀವಗಳು ಗುದ್ದಿದರೂ ಮೊಣಕಾಲುದ್ದ ಇಳಿಯಲಿಲ್ಲ. ನಾನು ಸುಮ್ಮನಿದ್ದೆನೇ? ಮುದ್ದೆ ತಿನ್ನುವ ಕೈಯಲ್ಲಿ ಕಸುವಿಲ್ಲವಾ ಎಂದು ಹಂಗಿಸಿದೆ. ದೊಡ್ಡಪ್ಪ ತಲೆ ಎತ್ತದೆ ಹಾರೆ ಹಾಕುತ್ತಲೇ ಇದ್ದರು.

ಎರಡನೇ ದಿನ ಮಧ್ಯಾಹ್ನ ಅವರು ನೀರು ಕುಡಿಯಲು ಚೊಂಬು ಹಿಡಿದಾಗ ಅಂಗೈ ಕಂಡಿತು. ಬೊಬ್ಬೆಗಳು ಒಡೆದು ಹಸಿಹಸಿಯಾಗಿದ್ದವು. ನಾನು ಗುಂಡಿಯೊಳಗೆ ನೋಡಿದೆ. ಹೂಳಿಲ್ಲ, ಒಂದೇ ಒಂದು ಚಿಪ್ಪಿಲ್ಲ. ತಲೆ ಎತ್ತಿ ಹಿಂದೆ ನೋಡಿದೆ: ನಾವು ಅಗೆದು ತಂದಿದ್ದ ಕಾಲುವೆ ನೇರ ಮರಕ್ಕೆ ಬಂದು ನಿಂತಿತ್ತು. ಮುಂದೆ ನೋಡಿದೆ: ಅದೇ ನೇರಕ್ಕೆ ದೂರದಲ್ಲಿ ಕೆರೆಯ ಅಂಚಿನ ತಗ್ಗು. ನಡುವೆ ಒಂದೇ ಒಂದು ಹೊಲ ಇತ್ತು. ನನ್ನ ಹೊಲ. ಎರಡು ಚುಕ್ಕಿ ಸೇರಿಸಿ ಗೆರೆ ಎಳೆಯುವುದನ್ನು ಮೂರು ವರ್ಷದ ಮಕ್ಕಳಿಗೆ ಕಲಿಸಿದವಳು ನಾನು.

ಇಲ್ಲಿ ಕಾಲುವೆ ಇತ್ತಾ ಎಂದು ದೊಡ್ಡಪ್ಪನನ್ನು ಕೇಳಿದೆ. ಅವರು ಚೊಂಬಿನೊಳಗೆ ನೋಡುತ್ತಾ ಕೂತರು. ಅಕ್ಕ ಬಾಯಿ ಬಿಟ್ಟಳು.

"ಇರ್ಲಿಲ್ಲ ಕಣೇ. ಯಾವತ್ತೂ ಇರ್ಲಿಲ್ಲ."

"ಮತ್ತೆ ಎರಡು ದಿನದಿಂದ ಯಾಕಕ್ಕ ಅಗೀತಿದ್ದೀರಾ?"

"ನೀನು ಹೇಳ್ದೆ, ಅಗುದ್ವಿ. ನಿನ್ ಬಾಯಿಗೆ ಯಾರು ಸಿಕ್ಕಾಕ್ಕೊಂತಾರೆ?"

ಆ ಹೊಲದ ವಿಷಯ ಹೇಳಬೇಕು. ಮಗಳ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ತವರಿನವರು ತುಂಡು ಹೊಲ ಕೊಡುವುದು ನಮ್ಮ ಕಡೆ ಇತ್ತು. ನನ್ನನ್ನು ಊರಲ್ಲೇ ಕೊಟ್ಟಿದ್ದರಿಂದ ಅಪ್ಪ ಅದನ್ನು ಕೊಟ್ಟರು. ಗಂಡ ಬೇಗ ಹೋದ. ಆ ಹೊಲವೇ ನನ್ನನ್ನು ಸಾಕಿತು. ಸೈಟು ಮಾಡುವವರು ಕಾರಿನಲ್ಲಿ ಬಂದು ಕೇಳಿದಾಗಲೂ, ಇದು ನಮ್ಮಪ್ಪ ಕೊಟ್ಟದ್ದು ಎಂದು ಬಾಗಿಲಿಂದಲೇ ಕಳಿಸಿದ್ದೆ.

ದೊಡ್ಡಪ್ಪ ಆಗ ಮೆಲ್ಲಗೆ ಹೇಳಿದರು: "ನಿಮ್ಮಪ್ಪ ಕಾಲುವೆ ಮುಚ್ಚುವಾಗ ಮಂಕ್ರೀಲಿ ಮಣ್ಣು ಹೊತ್ತವ್ನು ನಾನೇ ಕಣವ್ವ. ನಿಮ್ಮಣ್ಣದೀರು ಜಾಸ್ತಿ ಕೊಡಾಕೆ ಒಪ್ಲಿಲ್ಲ. ಮಗಳಿಗೆ ಕೊಡೋ ಹೊಲ ಅಂಗೈಯಷ್ಟು ಕಾಣ್ತದಲ್ಲೋ ಅಂತ ಅತ್ಬುಟ್ಟ."

ನಾನು ಎದ್ದು ಮನೆಗೆ ಬಂದೆ. ಅವತ್ತು ಮಾತ್ರ ನನ್ನ ಬಾಯಿ ಕಟ್ಟಿತ್ತು. ಅಪ್ಪನ ಮೇಲೆ ಸಿಟ್ಟು ಬಂತು. ಊರಿನ ನೀರು ಕದ್ದು ಮಗಳಿಗೆ ಕೊಟ್ಟರಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯ ಒಳಗೇ, ನನಗಾಗಿ ಅತ್ತರಂತಲ್ಲ ಎಂದು ಹೊಟ್ಟೆ ತಣ್ಣಗಾಯಿತು. ಕಾಲುವೆ ಬಿಡಿಸಿದರೆ ಹೊಲದ ಮೂರರಲ್ಲಿ ಒಂದು ಪಾಲು ಹೋಗುತ್ತದೆ, ಉಳಿದದ್ದು ಎರಡು ತುಂಡು. ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ? ಸುಮ್ಮನಿದ್ದರೆ ಆಯಿತು, ಯಾರೂ ಕೇಳುವುದಿಲ್ಲ. ಇಲ್ಲದ ಕಾಲುವೆಯನ್ನು ಗರಸಿನಲ್ಲಿ ಹೊಸದಾಗಿ ಕೊರೆದು ಕೊಡುತ್ತಾರೆ. ನಿಜವಾಗಿಯೂ ಕೊಡುತ್ತಾರೆ, ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು, ಒಡೆದ ಬೊಬ್ಬೆಯವರು. ಅದನ್ನು ನೆನೆದಾಗ ನಗು ಬಂತು. ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಹುರುಳಿಕಾಳಿನ ಸಾರು ಮಾಡಿ, ದೊಡ್ಡ ತಪ್ಪಲೆಯಲ್ಲಿ ಮುದ್ದೆ ತಿರುವಿ, ತಲೆ ಮೇಲೆ ಹೊತ್ತು ಹೊಂಗೆ ಮರದ ಕೆಳಗೆ ತಂದಿಟ್ಟೆ. ಎಲ್ಲರೂ ಜಾಡಿನ ಪಕ್ಕ ಹಾರೆ ಹಿಡಿದು ನಿಂತಿದ್ದರು.

"ಇವತ್ತು ಊಟ ನಮ್ಮನೇದು" ಎಂದೆ.

ಅಷ್ಟೇ ಸಾಕಾಯಿತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಹೊಲಕ್ಕೆ ಮೊದಲ ಗುದ್ದಲಿ ನಾನೇ ಹಾಕಿದೆ. ಒಂದಡಿ ಕೆಳಗೇ ಚಿಪ್ಪು ಬಂತು. ಆಮೇಲೆ ನೋಡಬೇಕಿತ್ತು, ಎಲ್ಲರಿಗೂ ಒಟ್ಟಿಗೆ ಮಾತು ಬಂತು, ಎಲ್ಲರ ಮಂಡಿಯೂ ನೆಟ್ಟಗಾಯಿತು. ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನೆಲ್ಲ ಹೊರಗೆ ಹಾಕಿದರು. ನನ್ನ ಅಂಗನವಾಡಿಯ ಉಪ್ಪಿಟ್ಟಿನಿಂದ ಹಿಡಿದು ಅವತ್ತಿನ ಸಾರಿನ ಉಪ್ಪಿನವರೆಗೆ ಹುಳುಕು ತೆಗೆದರು. ಸಾರು ಮಾತ್ರ ತಳ ಕಾಣುವ ತನಕ ಬಡಿಸಿಕೊಂಡರು.

ರೋಹಿಣಿ ಮಳೆ ಒಂದು ಮಧ್ಯಾಹ್ನ ಬಿತ್ತು. ಯಾರೂ ಯಾರನ್ನೂ ಕರೆಯಲಿಲ್ಲ. ಕೊಡೆ ಹಿಡಿದವರು, ಗೋಣಿಚೀಲ ಹೊದ್ದವರು, ಎಂಟು ಜನವೂ ಕಾಲುವೆಯ ದಂಡೆಗೆ ಬಂದಿದ್ದೆವು. ಗುಡ್ಡದ ಕಡೆಯಿಂದ ಕೆಂಪು ನೀರು ಕಡ್ಡಿಕಸ ತಳ್ಳಿಕೊಂಡು ಬಂತು, ಮರ ದಾಟಿತು, ನನ್ನ ಹೊಲಕ್ಕೆ ನುಗ್ಗಿತು. ಅಲ್ಲಿ ಹೊಸದಾಗಿ ಕಡಿದಿದ್ದ ದಂಡೆ ಕುಸಿದು ಮಣ್ಣಿನ ಹೆಂಟೆ ಅಡ್ಡ ಬಿದ್ದಿತ್ತು. ನೀರು ನಿಂತು ಎರಡೂ ಬದಿಗೆ ಹರಡತೊಡಗಿತು. ಎರಡು ತುಂಡಾಗಿದ್ದ ಹೊಲ ಆ ನೀರಿನಡಿ ಮತ್ತೆ ಒಂದೇ ಆದ ಹಾಗೆ ಕಂಡಿತು. ನಾನು ನೋಡುತ್ತಾ ನಿಂತೆ.

ದೊಡ್ಡಪ್ಪ ಪಕ್ಕಕ್ಕೆ ಬಂದು, ಇಷ್ಟು ದಿನ ಯಾರೂ ಕೇಳದೇ ಇದ್ದದ್ದನ್ನು ಕೇಳಿದರು. "ಹೊಲ ಹೋಯ್ತಲ್ಲವ್ವ, ಬ್ಯಾಸ್ರ ಆಗ್ಲಿಲ್ವಾ?"

"ಆಯ್ತು ದೊಡ್ಡಪ್ಪ. ಬಾಳ ಆಯ್ತು" ಎಂದೆ. ಸೀರೆ ಎತ್ತಿ ಕಟ್ಟಿ ಕಾಲುವೆಗೆ ಇಳಿದೆ. "ಸುಮ್ನೆ ನೋಡ್ತಾ ನಿಲ್ಬೇಡಿ, ಆ ಗುದ್ಲಿ ಕೊಡಿ ಇಲ್ಲಿ. ನೀರು ನಿಂತೈತೆ."