ಅವಳಿಗಾಗಿ ಬರೆದ ಮಾತ್ರೆ ಪುಸ್ತಕ

ನನ್ನ ಹೆಂಡತಿಗೆ ಅವಳ ತಾಯಿಯೇ ಒಂದು ಕಿಡ್ನಿ ಕೊಟ್ಟರು. ಅದಕ್ಕೂ ಹಿಂದಿನ ಎರಡು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ನಾವು ಮಾಕಳಿಯಿಂದ ಬಸ್ಸು ಹತ್ತುತ್ತಿದ್ದೆವು. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಬಸ್ಸು ಆಮೆಯಂತೆ ತೆವಳುತ್ತಿತ್ತು. ಧೂಳಿಗೆ ಸೆರಗು ಮುಚ್ಚಿಕೊಂಡು ಅವಳು ನನ್ನ ಹೆಗಲಿಗೊರಗಿ ನಿದ್ದೆ ಹೋಗುತ್ತಿದ್ದಳು. ಆಗೆಲ್ಲ ನೀರನ್ನೂ ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯಬೇಕಿತ್ತು. ಹಾಗಾಗಿ ಕಿಡ್ನಿ ಹಾಕಿದ ಮೇಲೆ, ಮೊದಲ ಸಲ ತಂಬಿಗೆ ತುಂಬ ನೀರು ಕುಡಿಯಬಹುದೆಂದು ಡಾಕ್ಟರು ಹೇಳಿದ ದಿನ, ಅವಳು ಗಟಗಟನೆ ಕುಡಿದು ಬಾಯಿ ಒರೆಸಿಕೊಂಡು ನಕ್ಕದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಡಿಸ್ಚಾರ್ಜ್ ಮಾಡುವಾಗ ಒಂದು ಚೀಲದ ತುಂಬ ಮಾತ್ರೆ ಕೊಟ್ಟರು. ಜೊತೆಗೆ ಒಂದು ಚಿಕ್ಕ ಪುಸ್ತಕ. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳಬಾರದೆಂದು ಮೈಯ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆಗಳು ಕೆಲವು. ಹಾಗೆ ಕುಗ್ಗಿದ ಮೈಗೆ ವೈರಸ್ ನುಗ್ಗದಂತೆ ಕಾಯುವ ಮಾತ್ರೆ ಇನ್ನೊಂದು, ಅದನ್ನು ಆರು ತಿಂಗಳು ನುಂಗಬೇಕು. ಇಷ್ಟನ್ನು ಅಲ್ಲಿನ ಸಿಸ್ಟರ್ ಕನ್ನಡದಲ್ಲೇ ಹೇಳಿದರು. "ಮಿಕ್ಕಿದ್ದೆಲ್ಲ ಪುಸ್ತಕದಲ್ಲಿದೆ, ಓದ್ಕೊಳ್ಳಿ" ಅಂದರು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ.

ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದೆ. ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಡ್ರಾಯಿಂಗ್ ನೋಡಿ ಅಳತೆ ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಆದರೂ ಅವಳು ಓದಿ ತಿಳಿದುಕೊಳ್ಳಲಿ ಎಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಆ ಪುಸ್ತಕವನ್ನು ಕನ್ನಡಕ್ಕೆ ಬರೆಯಲು ಕೂತೆ. ಗೊತ್ತಾಗದ ಪದಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಹೋಗಿ ನಮ್ಮ ಸ್ಟೋರ್ಸಿನ ಕ್ಲರ್ಕನ್ನು ಊಟದ ಬಿಡುವಿನಲ್ಲಿ ಕೇಳುತ್ತಿದ್ದೆ. ಹದಿನೈದು ದಿನ ಹಿಡಿಯಿತು.

"ವೈರಸ್ ಮಾತ್ರೆ ಊಟದ ಜೊತೆಗೇ ನುಂಗಬೇಕು. ಮುರಿಯಬಾರದು, ಪುಡಿ ಮಾಡಬಾರದು. ಬಸುರಿ ಹೆಂಗಸರು ಮುಟ್ಟಬಾರದು. ಒಂದು ಹೊತ್ತೂ ತಪ್ಪಿಸಬಾರದು. ತಪ್ಪಿಹೋಯಿತೆಂದು ಎರಡು ಒಟ್ಟಿಗೆ ನುಂಗಬಾರದು. ಈ ಮಾತ್ರೆಯಿಂದ ಬಿಳಿರಕ್ತಕಣ ಇಳಿಯಬಹುದು, ಹೇಳಿದ ದಿನ ರಕ್ತ ಪರೀಕ್ಷೆಗೆ ಹೋಗಲೇಬೇಕು." ಹೀಗೆ ಸಾಲು ಸಾಲಾಗಿ ಬರೆದೆ.

ಅವಳು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ರೀ ಇದು, ಪಂಚಾಯ್ತಿ ನೋಟೀಸ್ ಇದ್ದಂಗಿದೆ! ಬಾರದು, ಬಾರದು, ಬಾರದು. ನಂಗೆ ಏನ್ ಬರುತ್ತೆ ಅಂತಾನೂ ಒಂದ್ ಕಡೆ ಬರೀರಿ."

ನಕ್ಕರೂ ಒಂದು ಸಾಲನ್ನೂ ಮೀರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮುದ್ದೆಯೋ ದೋಸೆಯೋ ಮುಂದಿಟ್ಟುಕೊಂಡು, ಮೊದಲು ಎರಡು ತುತ್ತು, ಆಮೇಲೆ ಮಾತ್ರೆ. ಮದುವೆ ಮನೆಗೆ ಹೋದರೂ ಮಾಸ್ಕ್ ತೆಗೆಯುತ್ತಿರಲಿಲ್ಲ.

ಯಾವ ಯಾವ ಕಾಯಿಲೆಯವರ ಹತ್ತಿರ ಹೋಗಬಾರದು, ಹೋದರೆ ಕೂಡಲೇ ಫೋನ್ ಮಾಡಬೇಕು ಎಂದು ಆ ಪುಸ್ತಕದಲ್ಲಿ ಒಂದು ಪುಟವಿತ್ತು. ಅಲ್ಲಿ 'ಚಿಕನ್‌ಪಾಕ್ಸ್' ಎಂಬ ಪದ ಬಂತು. ಅದನ್ನು ಮಾತ್ರ ನಾನು ಕ್ಲರ್ಕ್ ಹತ್ತಿರ ಕೇಳಲಿಲ್ಲ. ಚಿಕನ್ ಅಂದರೆ ಕೋಳಿ ಎಂದು ಯಾರಿಗೆ ಗೊತ್ತಿಲ್ಲ? ಆಗ ಪೇಪರಿನಲ್ಲಿ ಹಕ್ಕಿಜ್ವರದ ಸುದ್ದಿ ಬೇರೆ ಬರುತ್ತಿತ್ತು. "ಕಾಯಿಲೆ ಬಿದ್ದ ಕೋಳಿಯ ಹತ್ತಿರ ಹೋಗಬಾರದು" ಎಂದು ಬರೆದು ಅಡಿಗೆರೆಯನ್ನೂ ಎಳೆದೆ. ಅವತ್ತಿನಿಂದ ನಮ್ಮ ಮನೆಗೆ ಕೋಳಿ ತರಲಿಲ್ಲ. ಬೀದಿಯ ತುದಿಯಲ್ಲಿದ್ದ ಕೋಳಿ ಅಂಗಡಿಯನ್ನು ತಪ್ಪಿಸಲು ಅವಳು ದೇವಸ್ಥಾನದ ಹಿಂದಿನಿಂದ ಸುತ್ತಿಕೊಂಡು ಬರುತ್ತಿದ್ದಳು.

ಆರು ತಿಂಗಳಾದ ಮೇಲೆ ಡಾಕ್ಟರು ವೈರಸ್ ಮಾತ್ರೆ ನಿಲ್ಲಿಸಿದರು. ಮೈಯ ಶಕ್ತಿ ಕುಗ್ಗಿಸುವ ಮಾತ್ರೆ ಮಾತ್ರ ಜೀವನಪೂರ್ತಿ. ಒಂದು ಮಾತ್ರೆ ಕಡಿಮೆಯಾಯಿತಲ್ಲ ಎಂದು ಅವಳು ಶ್ಯಾವಿಗೆ ಪಾಯಸ ಮಾಡಿದಳು.

ನಮ್ಮ ಮನೆಯ ಮುಂದಿನ ರೂಮಿನಲ್ಲಿ ಕೊಪ್ಪಳದ ಕಡೆಯ ಗಾರೆ ಕೆಲಸದ ದಂಪತಿ ಬಾಡಿಗೆಗಿದ್ದರು. ಅವರಿಗೆ ನಾಲ್ಕು ವರ್ಷದ ಮಗಳು. ಮಕ್ಕಳಿಲ್ಲದ ನನ್ನ ಹೆಂಡತಿಗೆ ಆ ಮಗುವೆಂದರೆ ಜೀವ. ಒಂದು ಬೆಳಿಗ್ಗೆ ಆ ಹೆಂಗಸು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದವಳು ತಾನಾಗಿಯೇ ಹೇಳಿದಳು: "ಅಕ್ಕಾರ, ನಮ್ಮನ್ಯಾಗ ಅಮ್ಮ ಬಂದಾಳ್ರಿ. ಹುಡುಗಿ ಮೈತುಂಬ ಗುಳ್ಳಿ ಎದ್ದಾವು."

ನಾನು ಅಲ್ಲೇ ನಿಂತು ಹಲ್ಲುಜ್ಜುತ್ತಿದ್ದೆ. ಅಮ್ಮ ಅಂದರೆ ಊರಲ್ಲಿ ನಾವೆಲ್ಲ ಕಂಡದ್ದೇ. ನನಗೆ ಚಿಕ್ಕಂದಿನಲ್ಲಿ ಆಗಿತ್ತು. ಹೆಂಡತಿಗೆ ಆಗಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅವಳು ಅವತ್ತು ಮಧ್ಯಾಹ್ನ ಮೊಸರನ್ನ ಕಲಸಿಕೊಂಡು ಹೋಗಿ ಮಗುವಿಗೆ ತಿನ್ನಿಸಿ, ಹಣೆ ಸವರಿ ಬಂದಳು. ಮರುದಿನವೂ ಹೋದಳು.

ಎರಡು ವಾರ ಕಳೆದಿರಬಹುದು. ಭಾನುವಾರ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕೆಂದು ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಸೋಮವಾರ ನೋವು ಬೆನ್ನಿಗೂ ಹರಡಿತು. ಮಂಗಳವಾರ ಎದೆಯ ಮೇಲೆ ನಾಲ್ಕೈದು ನೀರುಗುಳ್ಳೆ ಕಂಡವು. ನಮ್ಮ ಜೊತೆಗಿದ್ದ ನನ್ನ ತಾಯಿ ನೋಡಿ ಕೈ ಮುಗಿದರು.

"ಅಮ್ಮ ಬಂದವ್ಳೆ ಕಣಪ್ಪ. ಇಂಗ್ಲೀಸ್ ಔಸ್ದಿ ಕೊಡ್ಬ್ಯಾಡ, ಆಯಮ್ಮ ಮುನುಸ್ಕೊತಾಳೆ. ತಣ್ಣಗೆ ಮಡಗಿದ್ರೆ ತಾನೇ ಓಯ್ತಾಳೆ."

"ಅತ್ತೆ, ಕಿಡ್ನಿ ಮಾತ್ರೆ ಬಿಡಂಗಿಲ್ಲ" ಅಂದಳು ಅವಳು. ನೋವಿನಲ್ಲೂ ನೋಟ್‌ಬುಕ್ ತರಿಸಿಕೊಂಡು ಹೊಟ್ಟೆನೋವಿಗೆ, ಗುಳ್ಳೆಗೆ ಏನು ಬರೆದಿದೆ ಎಂದು ಹುಡುಕಿದಳು. ಏನೂ ಸಿಗಲಿಲ್ಲ. "ನಾಳೆ ಹೆಂಗೂ ಬ್ಲಡ್ ಟೆಸ್ಟಿಗೆ ಹೋಗ್ಬೇಕಲ್ಲ, ಅಲ್ಲೇ ತೋರ್ಸಣ ಬಿಡಿ" ಅಂದಳು. ನಾನು ಹೂಂ ಅಂದೆ.

ಬುಧವಾರದ ಹೊತ್ತಿಗೆ ಅವಳ ಮುಖ ಗುರುತು ಸಿಗದಂತಾಗಿತ್ತು. ಉಸಿರಾಡಲು ಕಷ್ಟಪಡುತ್ತಿದ್ದಳು. ಆಸ್ಪತ್ರೆಯಲ್ಲಿ ನೋಡಿದ ತಕ್ಷಣ ಐಸಿಯುಗೆ ಹಾಕಿ, ವೈರಸ್ ಔಷಧಿಯನ್ನು ಡ್ರಿಪ್‌ನಲ್ಲಿ ಶುರು ಮಾಡಿದರು. ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ನನ್ನ ಪಕ್ಕ ನಿಂತರು.

"ಮನೇಲಿ, ಅಕ್ಕಪಕ್ಕ ಯಾರಿಗಾದ್ರೂ ಚಿಕನ್‌ಪಾಕ್ಸ್ ಆಗಿತ್ತಾ?"

"ಇಲ್ಲ ಮೇಡಂ. ನಾವು ಮನೆಗೆ ಕೋಳೀನೇ ತಂದಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ. ನೋಡಿ, ಎಲ್ಲ ಬರೆದಿಟ್ಟಿದ್ದೀನಿ ಎಂಬ ಧೈರ್ಯದಲ್ಲೇ ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಚಿಕನ್‌ಪಾಕ್ಸ್ ಅಂದ್ರೆ ಕೋಳಿ ಕಾಯಿಲೆ ಅಲ್ಲ ಸಾರ್. ಅಮ್ಮ ಅಂತಾರಲ್ಲ, ಅದು."

"ಮುಂದಿನ ರೂಮಿನ ಮಗುಗೆ ಆಗಿತ್ತು ಮೇಡಂ. ಇವಳು ಹೋಗಿ ಊಟ ತಿನ್ನಿಸಿದ್ಲು."

"ಅವತ್ತೇ ಒಂದು ಫೋನ್ ಮಾಡಿದ್ರೆ..." ಅಂದರು. ನನ್ನ ತೋಳು ಮುಟ್ಟಿ ಒಳಗೆ ಹೋದರು.

ಲಿವರ್, ಶ್ವಾಸಕೋಶ ಎರಡಕ್ಕೂ ವೈರಸ್ ಇಳಿದಿತ್ತು. ಒಮ್ಮೆ ಒಳಗೆ ಬಿಟ್ಟಾಗ ಅವಳು ಆಕ್ಸಿಜನ್ ಮಾಸ್ಕಿನ ಒಳಗಿಂದಲೇ ಕೇಳಿದಳು: "ಎಂಟ್ ಗಂಟೆ ಮಾತ್ರೆ ಕೊಟ್ರಾ ಇವ್ರು?" ಕೊಟ್ಟಿದ್ದಾರೆ ಅಂದೆ. ಅದೇ ಅವಳು ನನ್ನ ಹತ್ತಿರ ಆಡಿದ ಕಡೆಯ ಮಾತು. ಶನಿವಾರ ಮಧ್ಯಾಹ್ನ ಹೋದಳು.

ಮುಂದಿನ ರೂಮಿನ ಹೆಂಗಸು ತಿಥಿ ಮುಗಿದ ಮೇಲೆ ಬಂದು ಕಂಬದ ಹತ್ತಿರ ನಿಂತಳು. "ಅಣ್ಣಾರ, ನಮ್ ಹುಡುಗಿಯಿಂದ ಏನರ ಆತೇನ್ರಿ?" ಎಂದು ಕೇಳಿದಳು. ಮಗು ಅವಳ ಸೀರೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. "ಇಲ್ಲಮ್ಮ, ಇದು ಕಿಡ್ನಿ ತೊಂದರೆ" ಅಂದೆ. ಆ ಸುಳ್ಳಿನ ಬಗ್ಗೆ ನನಗೆ ಬೇಸರವಿಲ್ಲ.

ಕಿಡ್ನಿ ಕೊಟ್ಟ ನನ್ನ ಅತ್ತೆಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ, ನಿಜ ಹೇಳುವ ಧೈರ್ಯವೂ ಬರಲಿಲ್ಲ. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಅವರ ಸರದಿ ಬಂದಾಗ ನಾನೇ ನೆಲಮಂಗಲಕ್ಕೆ ಹೋಗಿ ಕರೆದುಕೊಂಡು ಬಂದೆ. ಅವರ ಉಳಿದ ಕಿಡ್ನಿ ಚೆನ್ನಾಗಿದೆ ಎಂದರು. ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನಿಂದ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಕೋಳಿ ಎಂದು ಬರೆದದ್ದು, ಯಾರನ್ನೂ ಕೇಳದೆ ಬರೆದದ್ದು. ಅವರು ಕೈಯಲ್ಲಿದ್ದ ಎಲೆಯಡಿಕೆ ಸಂಚಿಯನ್ನು ತಿರುಗಿಸುತ್ತ ಕೂತಿದ್ದರು.

ಆಮೇಲೆ ಕೇಳಿದರು: "ಕಡೇಲಿ ಅವ್ಳಿಗೆ ಉಚ್ಚೆ ಓಯ್ತಿತ್ತಾ?"

"ಹೋಗ್ತಿತ್ತು ಅತ್ತೆ. ಕಡೇ ದಿನದವರ್ಗೂ ಹೋಗ್ತಿತ್ತು."

"ಅಂಗಾರೆ ನಾನ್ ಕೊಟ್ಟಿದ್ದು ಕೆಟ್ಟಿರ್ನಿಲ್ಲ."

ಮಣ್ಣು ಮಾಡುವಾಗಲೂ ಅಳದಿದ್ದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ತೊಡಗಿದರು. ನಾನು ನೀರು ತಂದುಕೊಟ್ಟೆ. ಅರ್ಧ ಕುಡಿದು ಉಳಿದದ್ದನ್ನು ನನ್ನ ಕೈಗೆ ಕೊಟ್ಟು, "ನೀನೂ ಕುಡಿ" ಅಂದರು. ನಾನು ಬರೆದ ಆ ಸಾಲಿನ ಬಗ್ಗೆ ಅವತ್ತೂ ಏನೂ ಅನ್ನಲಿಲ್ಲ, ಆಮೇಲೂ ಒಂದು ಮಾತು ಆಡಲಿಲ್ಲ.