ಸಮ್ಮೇಳನಕ್ಕೆ ಹೊರಟ ಓಬಳಪ್ಪನವರು

ನಮ್ಮ ಹಿರಿಯೂರು ವಕೀಲರ ಸಂಘದ ಲೈಬ್ರರಿ ನೋಡಿಕೊಳ್ಳುವ ಓಬಳಪ್ಪನವರು ಮುಂದಿನ ವಾರ ಧಾರವಾಡಕ್ಕೆ ಹೊರಟಿದ್ದಾರೆ. ಅಲ್ಲಿ ಕಾನೂನು ಗ್ರಂಥಪಾಲಕರ ಸಮ್ಮೇಳನ. ಪ್ರತಿ ವರ್ಷವೂ ಹೀಗೇ ಎಲ್ಲರಿಗೂ ಹೇಳಿ ಹೊರಡುತ್ತಾರೆ, ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬರುತ್ತಾರೆ. ಅವರ ಕೋಟು ವರ್ಷವರ್ಷವೂ ಇಸ್ತ್ರಿ ಕಂಡಿದೆ, ಒಂದೂ ಸಮ್ಮೇಳನ ಕಂಡಿಲ್ಲ. ಅದರ ನುಸಿಗುಳಿಗೆ ವಾಸನೆಗೆ ಲೈಬ್ರರಿಯ ಜಿರಲೆಗಳೇ ಊರು ಬಿಟ್ಟಿವೆ. ಯಾವ ವಕೀಲರು ಹಳೇ ತೀರ್ಪಿನ ಪುಸ್ತಕ ಎತ್ತಿಕೊಂಡು ಕೋರ್ಟಿಗೆ ಓಡಿದರೂ ಇವರು ಹಿಂದೆಯೇ ಓಡಿ, "ಆ ತೀರ್ಪು ಬಿದ್ದೋಗೈತೆ ಸ್ವಾಮಿ, ಮೇಲಿನ ಕೋರ್ಟು ತಳ್ಳಿಹಾಕೈತೆ, ಕೊಡ್ರಿ ಇಲ್ಲಿ" ಎಂದು ಕಿತ್ತುಕೊಳ್ಳುತ್ತಾರೆ. ಜಡ್ಜ್ ಎದುರಿಗೇ ಹೀಗೆ ಮಾಡಿ ಬೈಸಿಕೊಂಡದ್ದೂ ಉಂಟು. ಬಿದ್ದುಹೋದ ತೀರ್ಪನ್ನು ನೆಚ್ಚಿಕೊಳ್ಳುವುದೆಂದರೆ, ಅವರ ಪ್ರಕಾರ, ಹಳಸಿದ ಸಾರಿನಲ್ಲಿ ಮುದ್ದೆ ಅದ್ದಿದಂತೆ. ಸಮ್ಮೇಳನಕ್ಕೆಂದು ತಯಾರು ಮಾಡಿರುವ ಭಾಷಣವೂ ಅದರ ಮೇಲೆಯೇ. ಸಂಜೆಯಾದರೆ ಮಾತ್ರ ಈ ಗಲಾಟೆಯೆಲ್ಲ ನಿಂತು, ಕಣ್ಣು ಕಾಣದ ಮುದುಕರಾದ ಶಿವಕುಮಾರಪ್ಪ ವಕೀಲರ ಪಕ್ಕ ಕೂತು ಹೊಸ ತೀರ್ಪುಗಳನ್ನು ಮೆಲ್ಲಗೆ ಓದಿ ಹೇಳುತ್ತಾರೆ. ಅವರಿಗಾಗಿಯೇ ಇವರು ಬಸ್ ಹತ್ತುವುದಿಲ್ಲವೆಂದು ಗೊತ್ತಾಗಿ, "ಈ ಸಲ ನೀವು ಹೋಗ್ರಿ ಓಬಳಪ್ಪ, ಸಾಹೇಬ್ರಿಗೆ ನಾನು ಓದ್ತೀನಿ" ಎಂದೆ. "ನೀವು ಇದ್ದದ್ದು ಇದ್ದಂಗೆ ಓದ್ತೀರಿ, ಅದೇ ಭಯ" ಎಂದರು ದನಿ ತಗ್ಗಿಸಿ. "ಸಾಹೇಬ್ರು ಗೆದ್ದ ಒಂದೇ ಒಂದು ಕೇಸು ಪುಸ್ತಕದಾಗೆ ಅಚ್ಚಾಗೈತೆ. ಆ ತೀರ್ಪು ಬಿದ್ದೋಗಿ ವರ್ಷಗಳಾದ್ವು. ಅದರ ಮಾತು ಬಂದಾಗೆಲ್ಲ, ಇನ್ನೂ ನಿಂತೈತೆ ಅಂತ್ಲೇ ನಾನು ಓದ್ತೀನಿ."